ಮಾಲ್ಗುಡಿಯಲ್ಲಿ ಭಾವನ ಮೊಣಕೈ

ಇರುವ ಊರಿಗೆ ಮ್ಯೂಸಿಯಂ ಸಿಗುವುದು ಕಷ್ಟ, ಇಲ್ಲದ ಊರಿಗೆ ಸಲೀಸು. ನಮ್ಮೂರನ್ನೇ ನೋಡಿ. ಪಟ್ಟಣ ಪಂಚಾಯಿತಿ ಇದೆ, ಕಂದಾಯ ಕಟ್ಟುತ್ತೇವೆ, ವಾರಕ್ಕೊಮ್ಮೆ ಸಂತೆ ಸೇರುತ್ತದೆ, ಜನಗಣತಿಯವರು ಬಂದು ತಲೆ ಎಣಿಸಿಕೊಂಡು ಹೋಗುತ್ತಾರೆ. ಇಷ್ಟಿದ್ದೂ ನಮ್ಮೂರ ಹೆಸರಿನಲ್ಲಿ ಒಂದು ಗಾಜಿನ ಬೀರು ಕೂಡ ಇಲ್ಲ. ಮಾಲ್ಗುಡಿಗೆ ಪಿನ್ ಕೋಡ್ ಇಲ್ಲ, ಸರ್ವೆ ನಂಬರಿಲ್ಲ, ಒಬ್ಬನೇ ಒಬ್ಬ ಮತದಾರನಿಲ್ಲ. ಆದರೂ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ ಸಾಕ್ಷಾತ್ ರೈಲ್ವೆಯವರೇ ಅದಕ್ಕೊಂದು ಮ್ಯೂಸಿಯಂ ಮಾಡಿಕೊಟ್ಟಿದ್ದಾರೆ. ಸಾಲದು ಎಂಬಂತೆ ಮೈಸೂರಿನ ಯಾದವಗಿರಿಯಲ್ಲಿ, ಆ ಊರನ್ನು ಹುಟ್ಟಿಸಿದ ಆರ್. ಕೆ. ನಾರಾಯಣರ ಮನೆಯೂ ಮ್ಯೂಸಿಯಂ ಆಗಿದೆ.

ಅರಸಾಳಿಗೆ ಸಿಕ್ಕಿದ್ದರಲ್ಲಿ ಒಂದು ನ್ಯಾಯವಿದೆ ಅನ್ನಿ. ನಾರಾಯಣರು ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ಒಂದು ನೋಟ್‌ಬುಕ್ ತಂದು ಕಾದಂಬರಿ ಬರೆಯಲು ಕೂತಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದೇ ಒಂದು ಪುಟ್ಟ ರೈಲ್ವೆ ಸ್ಟೇಷನ್ನಂತೆ. ಸ್ಟೇಷನ್ನಿನ ಹಿಂದೆಯೇ ಊರು, ಊರಿನ ಹಿಂದೆ ಶಾಲೆ, ಹೊಳೆ, ಬೀದಿ ಎಲ್ಲ ಬಂದವು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು. ನಮ್ಮ ಕಡೆ ಮೊದಲು ಊರಾಗಿ, ಆಮೇಲೆ ಹೋರಾಟ ಸಮಿತಿಯಾಗಿ, ಹತ್ತು ಚುನಾವಣೆ ಕಳೆದ ಮೇಲೂ ಸ್ಟೇಷನ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

1986ರಲ್ಲಿ ದೂರದರ್ಶನಕ್ಕೆ ಬಂದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಊರಾಗಿ ನಿಂತದ್ದು ಆಗುಂಬೆ, ಸ್ಟೇಷನ್ನಾಗಿ ನಿಂತದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಹಳಿ ಬ್ರಾಡ್‌ಗೇಜ್ ಆದ ಮೇಲೆ ಹಳೆಯ ಸ್ಟೇಷನ್ ಕಟ್ಟಡ ಕೆಲಸವಿಲ್ಲದೆ ಹಾಳು ಸುರಿಯುತ್ತಿತ್ತು. ಅದನ್ನೇ ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಅಂದು ಆಗುಂಬೆಗೆ ಮಾಲ್ಗುಡಿಯ ವೇಷ ಹಾಕಿದ್ದ ಕಲಾವಿದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದರು.

ನಾನು ಅಲ್ಲಿಗೆ ಹೋದದ್ದು ಅಕ್ಕ–ಭಾವನ ಜೊತೆಗೆ. ಉಳಿದವರೆಲ್ಲ ಚಿತ್ರ ನೋಡಿ, ಮೂರ್ತಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಭಾವ ಮಾತ್ರ ಕನ್ನಡಕವನ್ನು ಹಣೆಗೇರಿಸಿ ಪ್ರತಿ ಚಿತ್ರದ ಅಂಚಿಗೂ ಮೂಗು ತಾಗಿಸುತ್ತ ಹೊರಟರು. ಅವರು ಹುಡುಕುತ್ತಿದ್ದದ್ದು ತಮ್ಮ ಮೊಣಕೈಯನ್ನು.

“ಜನ ಗುಂಪಾಗಿ ನಿಂತಿರೋ ಸೀನಲ್ಲಿ ಎಡಗಡೆ ಒಂದು ಮೊಣಕೈ ಬರ್ತದಲ್ಲ, ಅದು ನಂದೇ ಮಾರಾಯ” ಎಂಬುದು ಅವರು ಮದುವೆಯಾಗಿ ಬಂದ ದಿನದಿಂದಲೂ ಹೇಳಿಕೊಂಡು ಬಂದ ಮಾತು. ಶೂಟಿಂಗ್ ಕಾಲಕ್ಕೆ ಅವರು ಅಡಿಕೆ ಮಂಡಿಯ ಲೆಕ್ಕ ತರಲು ಆಗುಂಬೆ ಕಡೆ ಹೋಗಿದ್ದರಂತೆ. ಯಾರೋ ತಳ್ಳಿದರಂತೆ, ಯಾರೋ ನಿಲ್ಲಿಸಿದರಂತೆ. ಮುಖ ಬೀಳುವಷ್ಟರಲ್ಲಿ ಕ್ಯಾಮೆರಾ ಆಚೆ ತಿರುಗಿತಂತೆ.

“ಸುಳ್ಳೇ ಸುಳ್ಳು. ಆ ಅಂಗಿ ನೋಡಿದ್ರೆ ಗೊತ್ತಾಗ್ತದೆ. ಮದುವೆಗೆ ಮೊದ್ಲು ಇವರಿಗೆ ಇಸ್ತ್ರಿ ಮಾಡಿದ ಅಂಗಿ ಎಲ್ಲಿತ್ತು?” ಎಂದಳು ಅಕ್ಕ.

ಭಾವ ಒಬ್ಬರೇ ಅಲ್ಲ. ತೀರ್ಥಹಳ್ಳಿಯಿಂದ ಘಾಟಿಯ ತುದಿಯವರೆಗೆ ಐವತ್ತು ದಾಟಿದವರನ್ನು ಯಾರನ್ನೇ ಕೇಳಿ, ಮಾಲ್ಗುಡಿಯಲ್ಲಿ ಅವರದ್ದೊಂದು ಪಾಲು ಇದ್ದೇ ಇರುತ್ತದೆ. ಒಬ್ಬರ ಅಜ್ಜನ ಕೊಡೆ, ಇನ್ನೊಬ್ಬರ ಎತ್ತಿನಗಾಡಿ, ಮತ್ತೊಬ್ಬರ ಮನೆಯ ಕೆಂದ ಹಸು. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನಿಗೆ ನೀರು ಕೊಟ್ಟವರೇ ಇಷ್ಟು ಮಂದಿ ಸಿಗುತ್ತಾರೆ, ಪಾಪ ಆ ಹುಡುಗ ಅಷ್ಟೂ ನೀರು ಕುಡಿದಿದ್ದರೆ ಡೈಲಾಗ್ ಹೇಳಲು ಹೊತ್ತೆಲ್ಲಿರುತ್ತಿತ್ತು?

ಆದ್ದರಿಂದ ಇಂಥ ಮ್ಯೂಸಿಯಂಗಳಿಗೆ ನನ್ನದೊಂದು ಸಲಹೆ. ‘ಸಾಹಿತ್ಯ ಮತ್ತು ಸಿನಿಮಾದಲ್ಲಿ ನಮ್ಮ ಊರು’ ಎಂದು ಕಾರ್ಯಕ್ರಮ ಮಾಡುವಾಗ ವಿಮರ್ಶಕರನ್ನು ಕರೆಸುವುದು ಪದ್ಧತಿ. ಅವರು ಬಂದು ಊರು ಎಂದರೆ ಊರಲ್ಲ, ಅದೊಂದು ರೂಪಕ ಎನ್ನುತ್ತಾರೆ. ಊರಿನವರು ತಮ್ಮ ಊರು ಊರಲ್ಲವಂತೆ ಎಂದು ಬೇಸರಪಟ್ಟುಕೊಂಡು ಮನೆಗೆ ಹೋಗುತ್ತಾರೆ. ಅದರ ಬದಲು ಮೊಣಕೈ ಸಮಾವೇಶ ನಡೆಸಬೇಕು. ಪರದೆ ಕಟ್ಟಿ ಕಂತು ಹಾಕುವುದು. ಯಾರು ಬೇಕಾದರೂ “ನಿಲ್ಸಿ!” ಎಂದು ಕೂಗಬಹುದು. ಕೂಗಿದವರು ಮುಂದೆ ಬಂದು ಕೋಲಿನಿಂದ ತಮ್ಮ ಭುಜ, ಬೆನ್ನು, ಬೈತಲೆ, ಹಿತ್ತಿಲ ಬೇಲಿ, ಏನಿದೆಯೋ ಅದನ್ನು ತೋರಿಸಬೇಕು. ಒಂದೇ ಬೆನ್ನಿಗೆ ಇಬ್ಬರು ಹಕ್ಕು ಹೇಳಿದರೆ ಇಬ್ಬರನ್ನೂ ಪರದೆಯ ಪಕ್ಕ ತಿರುಗಿ ನಿಲ್ಲಿಸಿ ಸಭೆಯ ಮತಕ್ಕೆ ಹಾಕುವುದು. ವಿಮರ್ಶಕರು ಹಿಂದಿನ ಸಾಲಿನಲ್ಲಿ ಕೂತು ಮಂಡಕ್ಕಿ ತಿನ್ನಬಹುದು.

ಈ ಊರಿನ ಭೂಗೋಳವನ್ನಂತೂ ಯಾರೂ ಕೆದಕಬಾರದು. ಸ್ವಾಮಿ ರೈಲು ನೋಡುವುದು ಹೊಸನಗರ ತಾಲ್ಲೂಕಿನಲ್ಲಿ, ಅವನ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ತುದಿಯಲ್ಲಿ. ಆಗುಂಬೆಗೆ ಇಂದಿಗೂ ರೈಲಿಲ್ಲ. ಪುಸ್ತಕದ ಮಾಲ್ಗುಡಿಯದು ಬಿಸಿಲೂರಿನ ಬದುಕು. ಅದರ ಪಾತ್ರಕ್ಕೆ ಆಯ್ದದ್ದು ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಊರನ್ನು. ಇಂಗ್ಲಿಷಿನಲ್ಲಿ ಹುಟ್ಟಿದ ಊರು ನಮ್ಮ ಮಲೆನಾಡಿನಲ್ಲಿ ನೆನೆದು, ಕನ್ನಡದ ನಟರ ಬಾಯಲ್ಲಿ ಹಿಂದಿಯಾಡಿ ಇಡೀ ದೇಶದ ಮನೆಮಾತಾಯಿತು. (ಅದಕ್ಕೂ ಮೊದಲೇ, 1983ರಲ್ಲಿ, ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ದಲ್ಲಿ ಲೋಕೇಶ್ ಮಾಲ್ಗುಡಿಯ ಸಾಲ–ಬಡ್ಡಿಯನ್ನು ಅಚ್ಚಕನ್ನಡದಲ್ಲಿ ಲೆಕ್ಕ ಹಾಕಿದ್ದರು. ಭಾವನಿಗೆ ಆ ಚಿತ್ರದ ಮೇಲೆ ಅಷ್ಟು ಒಲವಿಲ್ಲ. ಕಾರಣ ಹೇಳಬೇಕಿಲ್ಲ.)

ಇಷ್ಟಕ್ಕೂ ನಾರಾಯಣರ ಊರನ್ನು ಇದಕ್ಕಿಂತ ದೂರ ಒಯ್ದವರಿದ್ದಾರೆ. 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದಿ ಗೈಡ್’ ಕಾದಂಬರಿಯನ್ನು ಸಿನಿಮಾ ಮಾಡಲು ಬಂದವರನ್ನು ಅವರು ಮೈಸೂರಿನ ಸುತ್ತಮುತ್ತ ತಾವೇ ಕರೆದೊಯ್ದು ಹೊಳೆಯ ಮೆಟ್ಟಿಲು, ಗುಡಿ, ಹಳ್ಳಿ ಎಲ್ಲ ತೋರಿಸಿದರು. ಬಂದವರು ತಲೆದೂಗಿದರು, ಫೋಟೋ ಹೊಡೆದುಕೊಂಡರು, ಹೋಗಿ ರಾಜಸ್ಥಾನದಲ್ಲಿ ಚಿತ್ರ ತೆಗೆದರು. ನಾರಾಯಣರು ಆಕ್ಷೇಪಿಸಿದ್ದಕ್ಕೆ, ನಾವು ಎಲ್ಲಿಡುತ್ತೇವೋ ಅದೇ ಮಾಲ್ಗುಡಿ ಎಂಬರ್ಥದ ಉತ್ತರ ಬಂತು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು–ಕೇಸರಿಬಾತು ತಿಂದು, ಹುಡುಗಿಯನ್ನು ಹೊಗಳಿ, ಬೇರೆ ಊರಿನಲ್ಲಿ ಲಗ್ನ ಗೊತ್ತು ಮಾಡಿಕೊಂಡ ಹಾಗೆ. ಆದರೂ ನಾರಾಯಣರು ನಷ್ಟ ಮಾಡಿಕೊಳ್ಳಲಿಲ್ಲ, ಆ ಕಥೆಯನ್ನೇ ಒಂದು ಸೊಗಸಾದ ಪ್ರಬಂಧ ಮಾಡಿಬಿಟ್ಟರು.

ಯಾದವಗಿರಿಯ ಮನೆಯ ವಿಷಯಕ್ಕೆ ಬರುತ್ತೇನೆ. 2011ರಲ್ಲಿ ಅದನ್ನು ಒಡೆಯಲು ಶುರು ಮಾಡಿದಾಗ ಗಲಾಟೆಯಾಗಿ, ಕೊನೆಗೆ ನಗರಪಾಲಿಕೆ ಕೊಂಡು, 2016ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಬರೆಯಲೆಂದು ನಾರಾಯಣರು ಸುತ್ತಲೂ ಎಂಟು ಕಿಟಕಿಗಳ ಕೋಣೆಯೊಂದನ್ನು ಕಟ್ಟಿಸಿಕೊಂಡಿದ್ದರು. ಒಂದರಲ್ಲಿ ಚಾಮುಂಡಿಬೆಟ್ಟ, ಇನ್ನೊಂದರಲ್ಲಿ ಗೋಪುರ–ಗುಮ್ಮಟ, ಮೇಯುವ ದನ, ಓಡುವ ರೈಲು, ಹೊರಗೆ ಹೂ ಬಿಟ್ಟ ದೇವಗಣಗಿಲೆ ಮರ. ಬೆಳಗೆಲ್ಲ ನೋಡಿದ್ದೇ ನೋಡಿದ್ದು, ಕಾಗದದ ಮೇಲೆ ಒಂದಕ್ಷರವಿಲ್ಲ. ಕಡೆಗೆ ಮಂಕು ಬಣ್ಣದ ಪರದೆ ತಂದು ಅಷ್ಟನ್ನೂ ಮುಚ್ಚಿದ ಮೇಲೆಯೇ ಮಾಲ್ಗುಡಿ ಕಂಡಿತಂತೆ. ನಾವು ಆ ಮನೆಗೆ ಹೋದವರು ಮಾತ್ರ ಮಾಲ್ಗುಡಿ ಕಂಡೀತೇ ಎಂದು ಮೊದಲು ಕಿಟಕಿಯಲ್ಲೇ ಇಣುಕುತ್ತೇವೆ.

ಈ ಕಥೆಯನ್ನು ನಾನು ನಮ್ಮೂರಿನಲ್ಲಿ ಹೇಳಬಾರದಿತ್ತು. ಅರಸಾಳಿನಿಂದ ಬಂದ ಭಾವ ಹುರುಪಿನಲ್ಲಿ ಒಂದು ಸಭೆ ಕರೆದಿದ್ದರು. ನಿವೃತ್ತ ಹೆಡ್‌ಮೇಷ್ಟ್ರು ಅಧ್ಯಕ್ಷರು. ಸಾಹಿತ್ಯದಲ್ಲಿ ನಮ್ಮೂರು ಎಲ್ಲೆಲ್ಲಿದೆ ಎಂದು ಹುಡುಕಿದ್ದರ ವರದಿ ಓದಲಾಯಿತು. ಒಂದು ಕಾದಂಬರಿಯಲ್ಲಿ ನಾಯಕಿಯ ಬಸ್ಸು ನಮ್ಮಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಆಕೆ ಇಳಿಯುವುದಿಲ್ಲ. ಸಿನಿಮಾದಲ್ಲಿ ನಮ್ಮೂರ ಲಾರಿಯೊಂದು ಖಳನಾಯಕನ ಜೀಪಿಗೆ ಅಡ್ಡ ಬರುತ್ತದೆ, ತಪ್ಪು ಲಾರಿಯದೇ. ಇಷ್ಟರಿಂದ ಗಾಜಿನ ಬೀರು ತುಂಬುವುದಿಲ್ಲ ಎಂದು ಎಲ್ಲರೂ ಒಪ್ಪಿದರು.

“ಹಾಗಾದ್ರೆ ಇವರೇ ಒಂದು ಕಾದಂಬರಿ ಬರೀಲಿ, ಮನೆ ಕಿಟಕಿಗೆ ಪರದೆ ನಾನು ಕೊಡಿಸ್ತೇನೆ” ಎಂದು ಜವಳಿ ಅಂಗಡಿಯವರು ಎದ್ದು ನಿಂತರು. ಚಪ್ಪಾಳೆಯಾಯಿತು. ಷರತ್ತುಗಳು ಶುರುವಾದವು. ನಾಯಕ ಸರ್ಕಾರಿ ಶಾಲೆಯಲ್ಲೇ ಓದಿರಬೇಕು ಎಂದರು ಮೇಷ್ಟ್ರು. ರಸ್ತೆ ಬರಲಿ, ಗುಂಡಿ ಬೇಡ ಎಂದರು ಪಂಚಾಯಿತಿ ಸದಸ್ಯರು. ಮೆಡಿಕಲ್ ಶಾಪಿನವರು ನಾಯಕಿಗೆ ಆಗಾಗ ಜ್ವರ ಬರಲಿ ಎಂದರು. ಸಿನಿಮಾ ಆಗುವುದಾದರೆ ಈ ಸಲ ಇಡೀ ಕೈ ಬರಬೇಕೆಂದು ಭಾವ ಕೇಳಿಕೊಂಡರು. ಕೆರೆ ಒತ್ತುವರಿಯ ಪ್ರಸ್ತಾಪವೇ ಕೂಡದು ಎಂಬುದನ್ನು ಯಾರು ಹೇಳಿದರೋ ಗೊತ್ತಾಗಲಿಲ್ಲ, ಆದರೆ ಬಹಳ ಮಂದಿ ಅನುಮೋದಿಸಿದರು.

ಮರುದಿನ ನಡಾವಳಿಯ ಪ್ರತಿ ಮನೆಗೆ ಬಂತು. ಲೇಖಕರು ಮುಂದಿನ ಸಭೆಯೊಳಗೆ ಕಾದಂಬರಿಯನ್ನು ಬರೆದು ಮುಗಿಸತಕ್ಕದ್ದು. ಸಭೆಯ ಕಾಫಿ–ಬೋಂಡದ ಬಾಬ್ತು 140 ರೂಪಾಯಿಗಳನ್ನು ಸದರಿ ಲೇಖಕರ ಹೆಸರಿಗೆ ಮುಂಗಡವಾಗಿ ಬರೆಯಲಾಗಿದೆ.