ನಾನು ಕೂಗ್ತೀನಿ, ಅವರು ಹೋಗ್ತಾರೆ

ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣದ ಒಂದು ದ್ವಾರದಲ್ಲಿ ನಿಂತಿರುವ ಲೋಹಶೋಧಕ ಚೌಕಟ್ಟು ಈವರೆಗೆ ಯಾವ ಪತ್ರಿಕೆಗೂ ಸಂದರ್ಶನ ಕೊಟ್ಟಿಲ್ಲ. ಕೊಡಬಾರದೆಂದೇನಲ್ಲ, ಕೇಳಿದವರಿಲ್ಲ. ಬೆಳಗಿನ ಆಫೀಸು ನೂಕುನುಗ್ಗಲು ಇಳಿದ ಮೇಲೆ ಮಾತಿಗೆ ಸಿಕ್ಕಿತು. ಪಕ್ಕದ ಎಕ್ಸ್‌-ರೇ ಯಂತ್ರ ಕರೆಯದಿದ್ದರೂ ನಡುನಡುವೆ ಬಾಯಿ ಹಾಕಿತು. ಹಿರಿಯಳೆಂದು ಅದನ್ನೂ ಬರೆದುಕೊಂಡಿದ್ದೇವೆ.

ನಿಮ್ಮನ್ನು ಏನೆಂದು ಕರೆಯೋಣ?

ಕಾಗದಪತ್ರದಲ್ಲಿ ಡಿಎಫ್‌ಎಂಡಿ ಅಂತಾರೆ. ಡೋರ್ ಫ್ರೇಮ್ ಮೆಟಲ್ ಡಿಟೆಕ್ಟರ್. ಫ್ರೇಮ್ ಇದೆ, ಡೋರ್ ಇಲ್ಲ. ಕದವೇ ಇಲ್ಲದ ಬಾಗಿಲವಾಡ ಸಾರ್ ನಾನು. ತೆರೆಯೋ ಹಾಗಿಲ್ಲ, ಮುಚ್ಚೋ ಹಾಗಂತೂ ಇಲ್ಲವೇ ಇಲ್ಲ.

ಕೆಲಸ ಏನು?

ಕೂಗೋದು. ನನ್ನ ಎರಡು ಕಂಬದೊಳಗೂ ತಂತಿಸುರುಳಿ ಇದೆ. ಅದರಿಂದ ಒಂದು ಕಾಂತಕ್ಷೇತ್ರ ಹೊರಡ್ತಾ ಇರುತ್ತೆ. ಮಧ್ಯೆ ಲೋಹ ಬಂತೋ, ಆ ಕ್ಷೇತ್ರ ಕದಡುತ್ತೆ, ನಾನು ಕೂಗ್ತೀನಿ. ಅದು ಚೂರಿಯೋ ಮನೆ ಬೀಗದಕೈಯೋ ನನಗೆ ಗೊತ್ತಾಗಲ್ಲ. ಬೆಲ್ಟಿನ ಬಕಲ್ಲು, ಸೊಂಟದ ಉಡಿದಾರದ ಬೆಳ್ಳಿ, ಮುರಿದ ಕಾಲಿಗೆ ಡಾಕ್ಟರು ಕೂರಿಸಿದ ರಾಡು, ಎಲ್ಲಕ್ಕೂ ಒಂದೇ ರಾಗ.

ಕೂಗಿದ ಮೇಲೆ ಏನಾಗುತ್ತೆ?

ಹೋಗ್ತಾರೆ.

ಯಾರೂ ತಡೆಯೋದಿಲ್ಲವೇ?

ಛೇ, ಹಾಗನ್ನಬೇಡಿ. ನನ್ನ ಮುಂದೆ ಒಬ್ಬರು ಕೈಯಲ್ಲಿ ಸಣ್ಣ ಡಿಟೆಕ್ಟರ್ ಹಿಡಕೊಂಡು ನಿಂತಿರ್ತಾರೆ. ಬಂದವರು ಎರಡೂ ಕೈ ಅಗಲಿಸ್ತಾರೆ. ಡಿಟೆಕ್ಟರ್ ಎದೆ ಮೇಲೆ ಇಳಿದು ಸೊಂಟಕ್ಕೆ ಬಂದಾಗ ಅದೂ ಕೂಗುತ್ತೆ. "ಬೆಲ್ಟಾ?" "ಬೆಲ್ಟು." "ಹೋಗಿ." ಮೆಟ್ರೊ ಭದ್ರತೆ ಅನ್ನೋದು ಬಹುಪಾಲು ಈ ಮೂರು ಮಾತಿನಲ್ಲೇ ನಡೀತಿದೆ ಸಾರ್. ಸಂಜೆ ಆರು ಗಂಟೆ ಹೊತ್ತಿಗೆ ಆ ಮೂರು ಮಾತೂ ಇರಲ್ಲ. ಕೈ ಅಗಲಿಸೋಕೆ ಶುರು ಮಾಡೋದರೊಳಗೆ "ಮುಂದೆ ಮುಂದೆ" ಅಂತಾರೆ. 2025ರ ಆಗಸ್ಟ್ 10ಕ್ಕೆ ಬೊಮ್ಮಸಂದ್ರದ ಹಳದಿ ಮಾರ್ಗ ಉದ್ಘಾಟನೆ ಆಯ್ತಲ್ಲ, ಅದರ ಮಾರನೇ ದಿನ ನಮ್ಮ ಮೆಟ್ರೊ ಹತ್ತಿದವರ ಲೆಕ್ಕ 10 ಲಕ್ಷ ದಾಟಿತು. ಅವತ್ತು ನಮ್ಮ ಬಳಗದವರು ಕೂಗಿದ ಕೂಗಿಗೆ ಯಾರಾದರೂ ತಿರುಗಿ ನೋಡಿದ್ದರೆ ಬೊಮ್ಮಸಂದ್ರದವರು ಇನ್ನೂ ಸಾಲಿನಲ್ಲೇ ಇರ್ತಿದ್ದರು.

ಅಂದರೆ ನೀವು ಯಾರನ್ನೂ ಹಿಡಿದುಕೊಟ್ಟಿಲ್ಲ?

ನನ್ನನ್ನು ದೂರದಿಂದ ನೋಡಿಯೇ ವಾಪಸು ಹೋದವರು ಇರಬಹುದಲ್ಲ? ಬಂದವರನ್ನು ಎಣಿಸಬಹುದು ಸಾರ್, ಬರದವರನ್ನು ಎಣಿಸೋಕಾಗಲ್ಲ. ಅದೇ ನನ್ನ ಅನ್ನ.

(ಇಲ್ಲಿ ಎಕ್ಸ್‌-ರೇ ಯಂತ್ರಕ್ಕೆ ತಡೆಯಲಾಗಲಿಲ್ಲ: "ಅವನದು ಬರೀ ಗಂಟಲು. ನೋಡೋಳು ನಾನು. ನನ್ನ ಕೇಳಿ.")

ಸರಿ ಅಕ್ಕ, ನಿಮಗೆ ಏನು ಕಾಣುತ್ತೆ?

ಎಲ್ಲಾ ಕಾಣುತ್ತೆ. ಕಬ್ಬಿಣ, ಸ್ಟೀಲು ನೀಲಿ. ಗಿಡಮರ, ಜೀವದಿಂದ ಬಂದದ್ದು, ತಿನ್ನೋದು, ಉಡೋದು, ಓದೋದು ಎಲ್ಲ ಕಿತ್ತಳೆ. ಎರಡರ ನಡುವಿನದು ಹಸಿರು. ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ನನ್ನ ತಂಗಿ ಇದಾಳೆ, ಅವಳಿಗೆ ದಿನಾ ಸೇವಂತಿಗೆ, ಕನಕಾಂಬರದ ಮೂಟೆ. ಚಿಕ್ಕಪೇಟೆಯವಳಿಗೆ ಸೀರೆ ಗಂಟು. ನನಗೆ ಊರಿಂದ ಬಸ್ಸಿಳಿದು ಬಂದವರ ಬ್ಯಾಗು: ಅವರೆಕಾಯಿ, ರಾಗಿ ಹಿಟ್ಟು, ಹಪ್ಪಳ, ಮಗಳ ಮನೆಗೆ ಒಬ್ಬಟ್ಟು. ಎಲ್ಲ ಕಿತ್ತಳೆ. ಮೈಸೋಪು ಕಿತ್ತಳೆ. ಸ್ಫೋಟಕವೂ ಕಿತ್ತಳೆನೇ.

ಹಾಗಾದರೆ ಒಬ್ಬಟ್ಟು ಯಾವುದು, ಬಾಂಬು ಯಾವುದು ಅಂತ ಹೇಗೆ ತಿಳಿಯುತ್ತೆ?

ನನಗೆ ತಿಳಿಯಲ್ಲ. ಪರದೆ ಮುಂದೆ ಕೂತವರಿಗೆ ತಿಳಿಯಬೇಕು. ಆಕಾರ ನೋಡಬೇಕು, ಪಕ್ಕದಲ್ಲಿ ತಂತಿ, ಬ್ಯಾಟರಿ ಏನಾದರೂ ಇದೆಯಾ ನೋಡಬೇಕು. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಮ 20 ನಿಮಿಷಕ್ಕಿಂತ ಹೆಚ್ಚು ಪರದೆ ನೋಡೋಕೆ ಬಿಡಬಾರದು ಅಂತ ನಿಯಮ ಇದೆ. ಆಮೇಲೆ ಕಣ್ಣು ತೆರೆದೇ ಇರುತ್ತೆ, ನೋಟ ಇರಲ್ಲ. ಇಲ್ಲಿ ಕೂತ ಹುಡುಗಿಗೆ ನೀರು ಕುಡಿಯೋಕೆ ಎದ್ದರೂ ಹಿಂದೆ ಸಾಲು ಬೆಳೆಯುತ್ತೆ. ಅವಳನ್ನು ಬೈಯ್ಯಬೇಡಿ. ನಾನು ತೋರಿಸ್ತೀನಿ, ಅವಳು ನೋಡೋ ಹೊತ್ತಿಗೆ ಮುಂದಿನ ಎರಡು ಬ್ಯಾಗು ಬಿದ್ದಿರುತ್ತೆ.

ಗೋಬಿ ಮಂಚೂರಿ?

ನೆನಪಿಸಿದಿರಾ! 2023ರಲ್ಲಿ ಒಬ್ಬರು ರೈಲಿನೊಳಗೆ ಕೂತು ಗೋಬಿ ತಿಂದು 500 ರೂಪಾಯಿ ದಂಡ ಕಟ್ಟಿದರು. ನನ್ನ ಹೊಟ್ಟೆಯೊಳಗಿಂದಲೇ ಹೋಗಿರಬೇಕು. ಕಿತ್ತಳೆ ಅಂತ ಬಿಟ್ಟಿರ್ತೀವಿ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡ್ತು. ನನ್ನ ಪರದೆಯಲ್ಲಿ ಅದು ಈಗಲೂ ಕಿತ್ತಳೆನೇ ಸ್ವಾಮಿ.

(ಅಕ್ಕನ ಬೆಲ್ಟಿನ ಮೇಲೆ ಯಾರದೋ ಸೂಟ್‌ಕೇಸು ಬಿತ್ತು. ಮಾತು ಮತ್ತೆ ಚೌಕಟ್ಟಿಗೆ ಬಂತು.)

ಬೇರೆ ಊರುಗಳಲ್ಲಿ ನಿಮ್ಮವರು ಹೇಗಿದ್ದಾರೆ?

ದೆಹಲಿಯಲ್ಲಿ ದೊಡ್ಡ ಬಳಗ. 2007ರಿಂದ ಸಿಐಎಸ್‌ಎಫ್‌ನವರ ಕೈಕೆಳಗಿದ್ದಾರೆ. ಅಲ್ಲಿ 2023ರಿಂದ ಒಬ್ಬೊಬ್ಬರು ಸೀಲ್ ಒಡೆಯದ ಎರಡು ಬಾಟಲಿ ಮದ್ಯ ಒಯ್ಯಬಹುದು. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್‌ಗೆ ಅಂತ ತಪಾಸಣೆ ಶುರು ಮಾಡಿದರು. ಒಲಿಂಪಿಕ್ಸ್ ಎರಡು ವಾರದಲ್ಲಿ ಮುಗೀತು, ತಪಾಸಣೆ ಮುಗೀಲಿಲ್ಲ.

ಲಂಡನ್ನಿನ ಕಥೆ ಕೇಳಿದರೆ ಮಾತ್ರ ನನಗೆ ಕೆಲಸದ ಚಿಂತೆ ಹತ್ತುತ್ತೆ. 2005ರ ಜುಲೈ 7ಕ್ಕೆ ಅಲ್ಲಿ ಮೂರು ಸುರಂಗ ರೈಲು, ಒಂದು ಬಸ್ಸಿನಲ್ಲಿ ಬಾಂಬಿಟ್ಟು 52 ಜನರನ್ನು ಕೊಂದರು. ಆದರೂ ಅಲ್ಲಿ ಬಾಗಿಲಲ್ಲಿ ಎಲ್ಲರ ಬ್ಯಾಗು ನೋಡೋ ಪದ್ಧತಿ ಇಲ್ಲ. ಮುಂಬೈ ಲೋಕಲ್‌ನಲ್ಲಿ 2006ರ ಜುಲೈ 11ರ ಸಂಜೆ ಏಳು ಸ್ಫೋಟ, 180ಕ್ಕೂ ಹೆಚ್ಚು ಸಾವು. ಅಲ್ಲಿ ಪ್ರತಿಯೊಬ್ಬರನ್ನೂ ನನ್ನಂಥವನೊಳಗೆ ತೂರಿಸಿದರೆ ಕಡೇ ಗಾಡಿ ಹೊರಡೋ ಹೊತ್ತಿಗೆ ಮೊದಲನೇ ಗಾಡಿಯವರು ಒಳಗೆ ಬಂದಿರ್ತಾರೆ. ಟೋಕಿಯೋದಲ್ಲಿ 1995ರಲ್ಲಿ ಸಾರಿನ್ ವಿಷ ಬಿಟ್ಟರಲ್ಲ, ಅದು ಪ್ಲಾಸ್ಟಿಕ್ ಚೀಲದಲ್ಲಿದ್ದ ದ್ರವ. ಮೇಲೆ ನ್ಯೂಸ್‌ಪೇಪರ್ ಸುತ್ತಿತ್ತು. ಛತ್ರಿ ತುದಿಯಿಂದ ಚುಚ್ಚಿದರು. ನಾನಿದ್ದಿದ್ದರೆ ಕೂಗ್ತಿದ್ದೆ, ನಿಜ. ಛತ್ರಿಗೆ.

ಒಳಗೆ ಬಾಂಬು ಹೋಗದಂತೆ ಹೊರಗೆ ಸಾಲು ನಿಲ್ಲಿಸಿದ್ದೀರಿ. ಆ ಸಾಲಿನಲ್ಲೇ ನೂರಾರು ಜನ ಇರ್ತಾರಲ್ಲ?

ಈ ಪ್ರಶ್ನೆ ಮೇಲಿನವರಿಗೆ ಕೇಳಿ. ನನ್ನನ್ನು ರೈಲು ಕಾಯೋಕೆ ನಿಲ್ಲಿಸಿದಾರೆ, ಸಾಲು ಕಾಯೋಕೆ ಅಲ್ಲ. (ಸ್ವಲ್ಪ ತಡೆದು) ನಿಜ ಹೇಳಲಾ? ನಾಳೆ ಏನಾದರೂ ಆದರೆ "ತಪಾಸಣೆ ಇತ್ತಾ?" ಅಂತ ಕೇಳ್ತಾರೆ. "ಇತ್ತು" ಅನ್ನೋ ಉತ್ತರ ಕಾಯೋಕೆ ನಾನು ನಿಂತಿರೋದು. ನನ್ನನ್ನು ನಿಲ್ಲಿಸೋ ಕಾಗದಕ್ಕೆ ಯಾರು ಬೇಕಾದರೂ ಸಹಿ ಹಾಕ್ತಾರೆ. ತೆಗೆಯೋ ಕಾಗದಕ್ಕೆ ಸಹಿ ಹಾಕೋ ಗಂಡಸು ಹೆಂಗಸು ಇನ್ನೂ ಹುಟ್ಟಿಲ್ಲ.

ನಿಮ್ಮ ಬಾಗಿಲಲ್ಲಿ ನಿಜವಾಗಿ ಸಿಕ್ಕಿಬೀಳೋದು ಯಾರು?

ಈಳಿಗೆಮಣೆ ಕೊಂಡ ಅಜ್ಜಿ. ಹೂ ಕಟ್ಟೋರ ಕತ್ತರಿ. ಪೀಣ್ಯಕ್ಕೆ ಹೊರಟ ಫಿಟ್ಟರ್‌ನ ಸ್ಪ್ಯಾನರ್ ಚೀಲ. ಲ್ಯಾಪ್‌ಟಾಪ್ ಬ್ಯಾಗಿನವರಿಗೆ ನಾನು ಎಷ್ಟು ಕೂಗಿದರೂ ಕೊರಳಲ್ಲಿನ ಐಡಿ ಕಾರ್ಡ್ ನೋಡಿ ಬಿಡ್ತಾರೆ. ಕೆಲವರನ್ನು ನಾನು ಕೂಗದೇ ಇದ್ದರೂ ನಿಲ್ಲಿಸ್ತಾರೆ.

ರಾಜಾಜಿನಗರದ ಮಾತೇ?

ಹೌದು. 2024ರ ಫೆಬ್ರವರಿ. ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರು. ಕೈಯಲ್ಲಿ ಟಿಕೆಟ್ ಇತ್ತು. ಗಂಟಿನಲ್ಲಿ ಬಟ್ಟೆ. ಬಟ್ಟೆ ಕೊಳೆ ಅಂತ ನಿಲ್ಲಿಸಿದರು. ಆ ನಿಲ್ದಾಣದಲ್ಲಿರೋನು ನಮ್ಮವನೇ, ಅವನು ತುಟಿ ಬಿಚ್ಚಿರಲಿಲ್ಲ. ಕೂಗೋಕೆ ಏನಿತ್ತು? ನನ್ನ ಸುರುಳಿಗೆ ಲೋಹ ತಿಳಿಯುತ್ತೆ, ಅಕ್ಕನಿಗೆ ಬಣ್ಣ ತಿಳಿಯುತ್ತೆ. ಕೊಳೆ ಹಿಡಿಯೋ ಯಂತ್ರವನ್ನು ಯಾವ ಟೆಂಡರಿನಲ್ಲೂ ಕೇಳಿಲ್ಲ ಸಾರ್, ಅದು ಮನುಷ್ಯರ ಜೊತೆಗೇ ಬಂದಿತ್ತು. ವಿಡಿಯೋ ಊರೆಲ್ಲ ಹರಿದಾಡಿತು, ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೀತು. ಏಪ್ರಿಲ್‌ನಲ್ಲಿ ದೊಡ್ಡಕಲ್ಲಸಂದ್ರದಲ್ಲಿ ಇನ್ನೊಬ್ಬರಿಗೆ ಅಂಗಿಯ ಮೇಲಿನ ಗುಂಡಿ ಹಾಕ್ಕೊಂಡು ಬಾ ಅಂದರಂತೆ. ಕುಡಿದಿರಬಹುದು ಅಂತ ಅನುಮಾನ ಬಂತು ಅನ್ನೋದು ಆಮೇಲಿನ ವಿವರಣೆ.

ನಮ್ಮ ಕುಲದ ಮೂಲಪುರುಷರು ಜಯವಿಜಯರು. ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದರು. ಯಾಕೆ? ಮೈಮೇಲೆ ಬಟ್ಟೆಯಿಲ್ಲದ ಹುಡುಗರು, ನೋಡೋಕೆ ದೊಡ್ಡವರ ಹಾಗಿಲ್ಲ. ಮೂರು ಜನ್ಮ ರಾಕ್ಷಸರಾಗಿ ಹುಟ್ಟಿ ತೀರಿಸಬೇಕಾಯ್ತು. ಅವರಿಗೆ ಶಾಪ ಕೊಟ್ಟವರೂ ಇದ್ದರು, ಶಾಪಕ್ಕೆ ಕಡೆ ದಿನ ಹೇಳಿದವರೂ ಇದ್ದರು. ಗುತ್ತಿಗೆ ಏಜೆನ್ಸಿ ಮೂಲಕ ಬಂದ ಕಾವಲುಗಾರರಿಗೆ ಎರಡನೆಯದು ಸಿಗಲ್ಲ. ಬಟ್ಟೆ ನೋಡಿ ಮನುಷ್ಯರನ್ನು ಅಳೆಯೋದು ಅವರು ಒಬ್ಬರೇ ಕಲಿತದ್ದಲ್ಲ, ಕೆಲಸ ಹೋದದ್ದು ಮಾತ್ರ ಒಬ್ಬರದೇ.

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಫೋನು, ಬೀಗದಕೈ ಬ್ಯಾಗಿಗೆ ಹಾಕಿ ಬನ್ನಿ, ನನ್ನ ಗಂಟಲಿಗೆ ಸ್ವಲ್ಪ ಬಿಡುವು ಸಿಗುತ್ತೆ. ಇನ್ನೊಂದು ಮಾತು. ರಾಜಾಜಿನಗರದ ಆ ರೈತರು ಅವತ್ತು ಒಳಗೆ ಹೋದದ್ದು ಯಾವ ಯಂತ್ರದಿಂದಲೂ ಅಲ್ಲ, ಯಾವ ನಿಯಮದಿಂದಲೂ ಅಲ್ಲ. ಹಿಂದಿದ್ದ ಪ್ರಯಾಣಿಕರು "ಯಾಕೆ ಬಿಡಲ್ಲ, ಟಿಕೆಟ್ ಇದೆಯಲ್ಲ" ಅಂತ ಜಗಳಕ್ಕೆ ನಿಂತು ಜೊತೆಗೆ ಕರಕೊಂಡು ಹೋದರು. ನಾನು ಕೂಗದೇ ಇದ್ದಾಗಲೂ ಯಾರನ್ನಾದರೂ ತಡೆದು ನಿಲ್ಲಿಸಿದ್ದು ಕಂಡರೆ, ನಿಮ್ಮ ರೈಲು ಒಂದು ಹೋದರೂ ಹೋಗಲಿ, ನೀವು ಕೂಗಿ.