ಕಾರಿಲ್ಲದ ಶೆಡ್ಡಿನ ದೀಪೋತ್ಸವ

ನಮ್ಮ ಮನೆಗಳಲ್ಲಿ ಬಲ್ಬುಗಳಿಗೂ ಒಂದು ಸರ್ವಿಸ್ ರಿಜಿಸ್ಟರ್ ಇರುತ್ತದೆ. ಹೊಸದಾಗಿ ಬಂದದ್ದು ಹಾಲ್‌ನಲ್ಲಿ ಡ್ಯೂಟಿಗೆ ಹಾಜರು. ಸ್ವಲ್ಪ ಮಂಕಾದರೆ ಮಲಗುವ ಕೋಣೆಗೆ ವರ್ಗ. ಅಲ್ಲೂ ಕಣ್ಣು ಮಿಟುಕಿಸತೊಡಗಿದರೆ ಬಚ್ಚಲಿಗೆ ಹಿಂಬಡ್ತಿ. ಹೋಲ್ಡರನ್ನು ನಾಲ್ಕು ಸಲ ತಟ್ಟಿದರಷ್ಟೇ ಉರಿಯುವ ಸ್ಥಿತಿಗೆ ತಲುಪಿದ ಮೇಲೆ "ಚೆನ್ನಾಗೇ ಇದೆಯಲ್ಲ, ಎಸೆಯೋದ್ಯಾಕೆ, ಶೆಡ್ಡಿಗೆ ಹಾಕಿ" ಎಂಬ ಆದೇಶ ಹೊರಡುತ್ತದೆ. ಅಂದರೆ ಟಿವಿ ನೋಡುವವರಿಗೆ ಹೊಸ ಬಲ್ಬು, ನಿದ್ದೆ ಮಾಡುವವರಿಗೆ ಎರಡನೇ ದರ್ಜೆಯದು, ಗರಗಸ ಹಿಡಿದು ಬೆರಳಿನ ಪಕ್ಕದಲ್ಲೇ ಕೊಯ್ಯುವವನಿಗೆ ನಿವೃತ್ತಿಯಂಚಿನದು.

ನಮ್ಮದು ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಮನೆ. ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಶೆಡ್ಡನ್ನು ಕಾರಿಗೆಂದೇ ಕಟ್ಟಿಸಿದ್ದು. ಆದರೆ ಈ ಊರಿನ ಸಂಪ್ರದಾಯದಂತೆ ಕಾರು ರಸ್ತೆಯಲ್ಲಿದೆ, ಶೆಡ್ಡಿನಲ್ಲಿ ಉಳಿದದ್ದೆಲ್ಲ ಇದೆ. ಹಳೆಯ ಬಾಗಿಲಿನ ಹಲಗೆಯಿಂದ ಮಾಡಿದ ಒಂದು ಬೆಂಚು, ಅದಕ್ಕೆ ಕಚ್ಚಿಸಿದ ವೈಸು, ಡ್ರಿಲ್ಲು, ಒಂದು ಆಂಗಲ್ ಗ್ರೈಂಡರು, ಯಾವತ್ತೋ ಬೇಕಾಗುತ್ತದೆಂದು ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಟ್ಟ ಸ್ಕ್ರೂಗಳು. ಮನೆಯವಳು ಇದನ್ನು 'ಗುಜರಿ' ಎನ್ನುತ್ತಾಳೆ. ನಾನು ವರ್ಕ್‌ಶಾಪ್ ಎನ್ನುತ್ತೇನೆ. ಬೆಳಕು ಬಹಳ ಕಾಲ ಅವಳ ಪಕ್ಷದಲ್ಲೇ ಇತ್ತು.

ಇಲ್ಲಿ ಸ್ವಲ್ಪ ಇತಿಹಾಸ ಹೇಳಿಬಿಡಬೇಕು, ಏಕೆಂದರೆ ಶೆಡ್ಡಿಗೂ ಒಳ್ಳೆಯ ದೀಪ ಬೇಕೆಂದು ಮನೆಯಲ್ಲಿ ವಾದಕ್ಕೆ ನಿಂತಾಗ ನನಗೆ ಒದಗಿದ ಏಕೈಕ ಆಯುಧ ಅದೇ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಮೊದಲು ತಂತಿ ಎಳೆದದ್ದು ಅರಮನೆಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಕರೆಂಟು ಮೊದಲು ಕೆಲಸದ ಜಾಗಕ್ಕೆ ಹೋಯಿತು, ಆಮೇಲೆ ಶೋಕಿಗೆ ಎಂದು ನಾನು ಗಂಭೀರವಾಗಿ ಮಂಡಿಸಿದೆ. "ಅಲ್ಲಿ ಚಿನ್ನ ಸಿಗ್ತಿತ್ತು. ನಿಮ್ಮ ಶೆಡ್ಡಿಂದ ಇವತ್ತಿನವರೆಗೆ ಒಂದು ಮಣೆ ಬಂದಿದೆಯಾ?" ಎಂಬ ಉತ್ತರ ಬಂತು. ಇತಿಹಾಸ ಅಲ್ಲಿಗೆ ಮುಗಿಯಿತು.

ಶೆಡ್ಡಿನ ನಡುಮಧ್ಯದಲ್ಲಿ ಒಂದು ಬಲ್ಬು ನೇತಾಡುತ್ತಿತ್ತು. ಸಮಸ್ಯೆ ಅದರ ವ್ಯಾಟಿನದಷ್ಟೇ ಅಲ್ಲ, ನಡುಮಧ್ಯದ್ದು. ಬೆಂಚು ಗೋಡೆಗೆ ಒತ್ತಿಕೊಂಡಿದೆ. ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಬಲ್ಬು ನನ್ನ ಬೆನ್ನ ಹಿಂದೆ. ಹೀಗಾಗಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕಾದ ಜಾಗದಲ್ಲಿ ಸರಿಯಾಗಿ ನನ್ನದೇ ತಲೆ, ಕಿವಿಗಳ ಸಮೇತ, ಕಪ್ಪಗೆ ಕೂತಿರುತ್ತದೆ. ಬಗ್ಗಿದರೆ ಅದೂ ಬಗ್ಗುತ್ತದೆ. ಎಡಕ್ಕೆ ವಾಲಿದರೆ ಅದೂ ವಾಲುತ್ತದೆ. ಅರವತ್ತರ ಬಲ್ಬು ತೆಗೆದು ನೂರರದ್ದು ಹಾಕಿದರೆ ತಲೆ ಇನ್ನಷ್ಟು ಸ್ಪಷ್ಟವಾಗುತ್ತದೆ, ಅಷ್ಟೆ.

ಎಲೆಕ್ಟ್ರಿಷಿಯನ್ ಬಂದ. ಏಣಿ ಒರಗಿಸುವ ಮೊದಲೇ ತೀರ್ಪು ಕೊಟ್ಟ. "ಮಧ್ಯಕ್ಕೇ ಒಂದು ದೊಡ್ಡದು ಹಾಕೋಣ ಸಾರ್, ರೂಮಿಗೆಲ್ಲಾ ಬೆಳಕು ಬರುತ್ತೆ."

"ರೂಮಿಗೆಲ್ಲಾ ಬೇಡಪ್ಪ, ಬೆಂಚಿಗೆ ಬಂದರೆ ಸಾಕು."

"ಸಾರ್, ಎಲ್ಲರೂ ಮಧ್ಯಕ್ಕೇ ಹಾಕಿಸೋದು."

ಇದಕ್ಕೆ ಎದುರು ಹೇಳುವುದು ಕಷ್ಟ. ನಮ್ಮಲ್ಲಿ ಬಲ್ಬು ಮಧ್ಯದಲ್ಲಿರಬೇಕೆಂಬುದು ವಾಸ್ತುವಿನಲ್ಲಿಲ್ಲ, ಆದರೆ ವಾಸ್ತುವಿಗಿಂತ ಗಟ್ಟಿಯಾಗಿ ಕೂತಿದೆ. ಬೆಂಚಿಗೆ ಸಮಾನಾಂತರವಾಗಿ, ನನ್ನ ತಲೆಗಿಂತ ಒಂದು ಗೇಣು ಮುಂದೆ, ಅಂದರೆ ನನಗೂ ಗೋಡೆಗೂ ನಡುವೆ, ಉದ್ದದ ಎರಡು ಟ್ಯೂಬು ಸಾಲಾಗಿ ಬರಬೇಕು ಎಂದು ಚಾಕ್‌ಪೀಸಿನಲ್ಲಿ ಗುರುತು ಮಾಡಿ ತೋರಿಸಿದೆ. ಉದ್ದನೆಯ ದೀಪದಿಂದ ಬೀಳುವ ನೆರಳಿಗೆ ಅಂಚೇ ಇರುವುದಿಲ್ಲ. ಕೈ ಅಡ್ಡ ಬಂದರೂ ಟ್ಯೂಬಿನ ಇನ್ನೊಂದು ತುದಿಯ ಬೆಳಕು ಅದನ್ನು ಅಳಿಸಿಹಾಕುತ್ತದೆ. ಆತ ಗುರುತನ್ನೂ ನನ್ನನ್ನೂ ನೋಡಿ, "ನಿಮ್ಮನೆ, ನಿಮ್ಮಿಷ್ಟ" ಎಂದ. ಕೆಲಸದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ.

ಟ್ಯೂಬು ತರಲು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಅಲ್ಲಿ ದೀಪ ಕೊಳ್ಳುವ ಕಷ್ಟವೆಂದರೆ ಅಂಗಡಿಯಲ್ಲಿ ಉರಿಯುತ್ತಿರುವ ಸಾವಿರ ದೀಪದ ನಡುವೆ ನಮ್ಮದು ಎಷ್ಟು ಬೆಳಗುತ್ತದೆಂದು ಗೊತ್ತಾಗುವುದಿಲ್ಲ. ಹುಡುಗ ಕೇಳುವುದು "ಎಷ್ಟು ವ್ಯಾಟು?" ಎಂದು. ವ್ಯಾಟು ದೀಪ ತಿನ್ನುವ ಲೆಕ್ಕ. ಕೊಡುವ ಲೆಕ್ಕ ಲ್ಯೂಮೆನ್, ಅದು ಡಬ್ಬಿಯ ಹಿಂಬದಿಯಲ್ಲಿ ಇರುವೆ ಅಕ್ಷರದಲ್ಲಿರುತ್ತದೆ. ಹಳೆಯ ಅರವತ್ತರ ಬಲ್ಬು ಏಳುನೂರು ಲ್ಯೂಮೆನ್ ಕೊಟ್ಟರೆ ಹೆಚ್ಚು, ಉಳಿದದ್ದೆಲ್ಲ ಶಾಖ. ನಾಲ್ಕಡಿಯ ಇಪ್ಪತ್ತು ವ್ಯಾಟಿನ ಎಲ್‌ಇಡಿ ಪಟ್ಟಿ ಎರಡು ಸಾವಿರ ಕೊಡುತ್ತದೆ. ಬೆಲೆ ₹250ರ ಆಸುಪಾಸು.

ಈ ಅಗ್ಗದ ಬೆಲೆಗೆ ಇಬ್ಬರು ಮೂವರಿಗೆ ಕೈ ಮುಗಿಯಬೇಕು. ಬಿಳಿ ಬೆಳಕಿಗೆ ಬೇಕಾದ ನೀಲಿ ಎಲ್‌ಇಡಿಯನ್ನು ಪಟ್ಟು ಹಿಡಿದು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ನಮ್ಮ ಸರ್ಕಾರ ಸಗಟಿನಲ್ಲಿ ಕೊಳ್ಳುತ್ತಿದ್ದ ಒಂದು ಎಲ್‌ಇಡಿ ಬಲ್ಬಿಗೆ ₹310 ಬೀಳುತ್ತಿತ್ತು. ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಕೊಂಡದ್ದೇ ಕೊಂಡದ್ದು, 2016ಕ್ಕೆ ಅದು ₹38ಕ್ಕೆ ಇಳಿಯಿತು. ಈರುಳ್ಳಿಯನ್ನೂ ಹೀಗೇ ಯಾಕೆ ಇಳಿಸುವುದಿಲ್ಲ ಎಂಬ ಮನೆಯವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಹಳೆಯ ಚೋಕು-ಸ್ಟಾರ್ಟರಿನ ಟ್ಯೂಬು ಅಟ್ಟದ ಮೇಲೆ ಎರಡಿದ್ದವು. "ಅದನ್ನೇ ಹಾಕಿಸಿ, ಬಿಟ್ಟಿ" ಎಂಬ ಸಲಹೆಯೂ ಬಂದಿತ್ತು. ಚೋಕಿನ ಟ್ಯೂಬು ನಿರಂತರ ಉರಿಯುವುದಿಲ್ಲ, ನಮ್ಮ ಐವತ್ತು ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಕಣ್ಣಿಗದು ತಿಳಿಯುವುದಿಲ್ಲ. ಆದರೆ ಗರಗರ ತಿರುಗುವ ಚಕ್ರದ ವೇಗ ಇದರ ತಾಳಕ್ಕೆ ಕೂಡಿಬಿಟ್ಟರೆ ಚಕ್ರ ನಿಂತೇ ಇದೆಯೆಂದು ಕಣ್ಣು ಸಾಕ್ಷಿ ನುಡಿಯುತ್ತದೆ. ಲೇತ್ ಇರುವ ಕಾರ್ಖಾನೆಗಳಲ್ಲಿ ಇದಕ್ಕೇ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಡುತ್ತಿದ್ದರು, ಯಂತ್ರದ ಪಕ್ಕದಲ್ಲಿ ತಂತಿಯ ಬಲ್ಬೊಂದನ್ನು ಉರಿಸುತ್ತಿದ್ದರು. ನಮ್ಮದು ಸಿಂಗಲ್ ಫೇಸಿನ ಮನೆ, ಹತ್ತು ಬೆರಳಿನ ಸಂಸಾರ. ಅಟ್ಟದ ಟ್ಯೂಬು ಅಟ್ಟದಲ್ಲೇ ಉಳಿಯಿತು. ತೀರಾ ಅಗ್ಗದ ಎಲ್‌ಇಡಿಯಲ್ಲೂ ಈ ಚಾಳಿ ಇರುವುದುಂಟು. ಅಂಗಡಿಯಲ್ಲೇ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುತ್ತವೆ. ನಾನು ಹಾಗೆ ಹಿಡಿದಾಗ ಹುಡುಗ, "ಸಾರ್, ಫೋಟೋ ಯಾಕೆ? ಜಿಎಸ್‌ಟಿ ಬಿಲ್ ಕೊಡ್ತೀವಿ" ಎಂದು ಗಾಬರಿಯಾದ. ಒಳಗಿನಿಂದ ಮಾಲೀಕರು ಬೇರೆ ಮಾಲು ತಂದರು. ಅದರಲ್ಲಿ ಪಟ್ಟೆ ಇರಲಿಲ್ಲ.

ಆಮೇಲೆ ಬಣ್ಣ. 6500 ಕೆಲ್ವಿನ್ ಎಂದರೆ ನೀಲಿ ಕಲೆಸಿದ ಬಿಳಿ, ನಮ್ಮವರಿಗೆ ಪ್ರಾಣ. 3000 ಎಂದರೆ ಹೋಟೆಲಿನ ಹಳದಿ, ಬಿಲ್ಲು ಕಾಣದಿರಲೆಂದು ಹಾಕುವುದು. ನಾನು ನಡುವಿನ 4000 ಕೇಳಿದೆ. ಜೊತೆಗೆ ಬಣ್ಣವನ್ನು ನಿಜವಾಗಿ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕವಿದೆ. ಸೂರ್ಯನಿಗೆ ನೂರಕ್ಕೆ ನೂರು, ಸಾಮಾನ್ಯ ಎಲ್‌ಇಡಿಗೆ ಎಂಬತ್ತು. ತೊಂಬತ್ತರದ್ದಕ್ಕೆ ಸ್ವಲ್ಪ ಹೆಚ್ಚು ತೆತ್ತೆ. ಬೀಟೆಗೂ ಪಾಲಿಷ್ ಬಳಿದ ತೇಗಕ್ಕೂ ವ್ಯತ್ಯಾಸ ತಿಳಿಯಬೇಕಲ್ಲ. ನನ್ನ ಹತ್ತಿರ ಬೀಟೆ ಇಲ್ಲ ಎಂಬುದು ಬೇರೆ ಮಾತು.

ಅತಿ ಅಗ್ಗದ ದೀಪ ಮಾತ್ರ ಆ ರಸ್ತೆಯಲ್ಲಿ ಸಿಗುವುದಿಲ್ಲ. ಅದು ಸುಣ್ಣ. ಶೆಡ್ಡಿನ ಸಿಮೆಂಟ್ ಶೀಟು, ಪ್ಲಾಸ್ಟರ್ ಮಾತ್ರ ಕಂಡ ಗೋಡೆ, ಎರಡೂ ಬಿದ್ದ ಬೆಳಕನ್ನು ನುಂಗಿ ಕೂರುತ್ತವೆ. ಬಿಳಿ ಗೋಡೆ ಹತ್ತರಲ್ಲಿ ಎಂಟು ಪಾಲನ್ನು ವಾಪಸು ಕೊಡುತ್ತದೆ. ಒಂದು ಭಾನುವಾರ ಗೋಡೆಗೂ ಶೀಟಿಗೂ ಎರಡು ಕೋಟು ಸುಣ್ಣ ಹೊಡೆದೆ. ಹಳೆಯ ಬಲ್ಬಿನಲ್ಲೇ ಶೆಡ್ಡಿನ ಮೂಲೆಗಳು ಕಾಣತೊಡಗಿದವು. ಒಂದು ಮೂಲೆಯಲ್ಲಿ, ಕಳೆದುಹೋಗಿದೆಯೆಂದು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಿದ್ದ ಕಟಿಂಗ್ ಪ್ಲೇಯರೂ ಸಿಕ್ಕಿತು.

ವೈರಿಂಗ್‌ನಲ್ಲಿ ಒಂದೇ ಒಂದು ಹಟ ಹಿಡಿದೆ. ಗ್ರೈಂಡರಿನ ಪ್ಲಗ್ಗಿಗೆ ಬೇರೆ ಎಂಸಿಬಿ, ದೀಪಕ್ಕೆ ಬೇರೆ. ಗ್ರೈಂಡರ್ ಸಿಕ್ಕಿಕೊಂಡು ಟ್ರಿಪ್ ಆದ ಕ್ಷಣದಲ್ಲಿ ದೀಪವೂ ಆರಿದರೆ, ಇನ್ನೂ ತಿರುಗುತ್ತಲೇ ಇರುವ ಬಿಲ್ಲೆ ಕೈಯಲ್ಲಿ, ಸುತ್ತ ಕಗ್ಗತ್ತಲು. "ಎರಡು ಎಂಸಿಬಿ ದಂಡ ಸಾರ್" ಎಂದವನಿಗೆ ಇದನ್ನು ಅಭಿನಯಿಸಿ ತೋರಿಸಿದ ಮೇಲೆ ಮರುಮಾತಿಲ್ಲದೆ ಹಾಕಿದ. ಇಷ್ಟರ ಮೇಲೆ ಬೆಂಚಿನ ತುದಿಗೆ ಕಚ್ಚುವ, ಕತ್ತು ತಿರುಗಿಸಬಹುದಾದ ಒಂದು ಟೇಬಲ್ ಲ್ಯಾಂಪು. ಅದನ್ನು ಹಲಗೆಯ ಮಟ್ಟಕ್ಕೇ ಮಲಗಿಸಿ ಅಡ್ಡಡ್ಡ ಬೆಳಕು ಬಿಟ್ಟರೆ ಉಜ್ಜುಕಾಗದದ ಒಂದೊಂದು ಗೀರೂ ಎದ್ದು ಕಾಣುತ್ತದೆ. ಪೇಂಟರುಗಳು ಪುಟ್ಟಿಯ ಉಬ್ಬುತಗ್ಗು ನೋಡಲು ಗೋಡೆಗೆ ಒತ್ತಿ ಬಲ್ಬು ಹಿಡಿಯುತ್ತಾರಲ್ಲ, ಅದೇ ವಿದ್ಯೆ. ಮೇಲಿನ ದೀಪದಲ್ಲಿ ಕನ್ನಡಿಯೆಂದು ಬೀಗುತ್ತಿದ್ದ ಮಣೆ ಇದರಡಿಯಲ್ಲಿ ಉತ್ತ ಹೊಲವಾಗುತ್ತದೆ. ಸಂತೋಷವಾಗಿರಬೇಕೆನ್ನುವವರು ಈ ಲ್ಯಾಂಪು ಕೊಳ್ಳಬಾರದು.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಆತಂಕವೊಂದು ಉಳಿದಿತ್ತು. ಉಚಿತವೆಂದರೆ ನಮ್ಮ ಹಿಂದಿನ ಸರಾಸರಿಯ ಮೇಲೆ ಶೇಕಡಾ ಹತ್ತು, ಅಷ್ಟೇ ತಾನೆ. ನನ್ನ ಶೆಡ್ಡಿನಿಂದ ಗೆರೆ ದಾಟಿ ಬಿಲ್ಲು ಬಂದರೆ ಅದಕ್ಕೆ ಯಾರು ಹೊಣೆ ಎಂದು ಅಡುಗೆಮನೆಯಿಂದ ನೋಟಿಸು ಬಂತು. ಎರಡು ಟ್ಯೂಬೂ ಸೇರಿ ನಲವತ್ತು ವ್ಯಾಟು, ದಿನಕ್ಕೆ ಮೂರು ಗಂಟೆ ಉರಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟೆ. ಹಾಲ್‌ನಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಹಳೆಯ 'ಜೀರೋ' ಬಲ್ಬು, ಹೆಸರು ಸೊನ್ನೆಯಾದರೂ, ಹತ್ತು-ಹದಿನೈದು ವ್ಯಾಟು ಎಳೆಯುತ್ತಿತ್ತೆಂಬುದನ್ನೂ ಅಡಿಟಿಪ್ಪಣಿಯಾಗಿ ಸೇರಿಸಿದೆ. ಲೆಕ್ಕ ಸ್ವೀಕೃತವಾಯಿತು.

ದೀಪ ಹತ್ತಿದ ದಿನ ಶೆಡ್ಡು ನೋಡಲು ಬಂದವಳು ಬಾಗಿಲಲ್ಲೇ ನಿಂತು, "ಅಯ್ಯೋ, ಇಷ್ಟು ಚೆನ್ನಾಗಿ ನಮ್ಮನೇಲಿ ಎಲ್ಲೂ ಕಾಣಲ್ವಲ್ರೀ" ಎಂದಳು. ನಾನು ಹಿಗ್ಗಿದೆ. ಆ ಮಾತಿನ ಹಿಂದಿನ ಸಂಚು ತಿಳಿಯಲು ಅವರೆಕಾಯಿ ಕಾಲ ಬರಬೇಕಾಯಿತು. ಹಿತಕಿದ ಬೇಳೆ ಸಾರಿಗೆಂದು ನೆನೆಸಿದ ಕಾಳಿನ ಬೇಸಿನ್ನು ಬೆಂಚೇರಿತು. ಹಸಿರು ಕಾಳಿನಲ್ಲಿ ಹಸಿರು ಹುಳು ಹಿಡಿಯುವುದಕ್ಕೆ ತೊಂಬತ್ತರ ಸಿಆರ್‌ಐನಷ್ಟು ಒಳ್ಳೆಯದು ಇನ್ನೊಂದಿಲ್ಲವಂತೆ. ಸುದ್ದಿ ಹರಡಿತು. ಪಕ್ಕದ ಮನೆಯ ಅಜ್ಜಿ ಸೂಜಿಗೆ ದಾರ ಪೋಣಿಸಲು ಬಂದವರು ಎರಡು ರವಿಕೆಗೆ ಹೆಮ್ಮಿಂಗ್ ಮುಗಿಸಿಯೇ ಎದ್ದರು. ಅವರ ಮೊಮ್ಮಗ ಎಂಜಿನಿಯರಿಂಗ್ ಡ್ರಾಯಿಂಗಿನ ಹಲಗೆ ಹೊತ್ತು ತಂದ. ಒಂದು ಸಂಜೆ ವೈಸಿನ ಹತ್ತಿರ ಜಾಗ ಹುಡುಕುತ್ತ ನಿಂತಿದ್ದ ನನಗೆ, "ರೀ, ಸ್ವಲ್ಪ ಆ ಕಡೆ ಸರೀರಿ, ನೆರಳು ಬೀಳ್ತಿದೆ" ಎಂಬ ಆಜ್ಞೆಯಾಯಿತು.

ಕೂರುವವರು ಹೆಚ್ಚಾಗಿ ಇನ್ನೊಂದು ಟ್ಯೂಬು ಬೇಕೆಂದಾಯಿತು. ಮನೆಯವಳೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಕರೆಸಿದಳು. ಏಣಿ ಒರಗಿಸುತ್ತ ಆತ, "ಮಧ್ಯಕ್ಕೆ ಹಾಕ್ಲಾ ಮೇಡಂ?" ಎಂದ.

"ಮಧ್ಯಕ್ಕೆ ಹಾಕಿದ್ರೆ ತಲೆ ನೆರಳು ಬೇಸಿನ್ ಮೇಲೆ ಬೀಳಲ್ವೇನಪ್ಪಾ? ಒಂದು ಗೇಣು ಗೋಡೆ ಕಡೆಗೆ ಹಾಕು."

"ಕರೆಕ್ಟ್ ಮೇಡಂ," ಎಂದು ಆತ ಒಂದೇ ಉಸಿರಿಗೆ ಏಣಿ ಹತ್ತಿದ.