ಬೈಲಹೊಂಗಲ–ಸ್ಯಾನ್ ಫ್ರಾನ್ಸಿಸ್ಕೊ ದೂರ-ಕಾಲ ಮೀಮಾಂಸೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅಳೆಯುವ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಂಥ. ಒಂದು ಗೋಲಗಣಿತದವರದು, ಇನ್ನೊಂದು ಬೈಲಹೊಂಗಲದವರದು. ಮೊದಲಿನವರು ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದು, ಅಕ್ಷಾಂಶ ರೇಖಾಂಶ ಹಾಕಿ, ಮಹಾವೃತ್ತದ ಕಂಸ ಎಳೆದು ಕೈತೊಳೆದುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಸುಮಾರು 445 ಕಿ.ಮೀ.; ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,993. ಬೈಲಹೊಂಗಲದಿಂದ ಸಾಂಬ್ರಾಕ್ಕೆ ನೇರ ಗೆರೆ ಎಳೆದರೆ ಮೂವತ್ತೂ ಇಲ್ಲ. ಆ ಮೂವತ್ತೇ ಮಿಕ್ಕ ಹದಿನಾಲ್ಕು ಸಾವಿರಕ್ಕಿಂತ ದೊಡ್ಡದೆಂಬುದು ಈ ಪ್ರಬಂಧದ ಪ್ರತಿಜ್ಞೆ. 1942ರಿಂದ ಸಾಂಬ್ರಾ ನಿಲ್ದಾಣ ಇದ್ದಲ್ಲೇ ಇದೆ; ಹಾಗಿದ್ದೂ ಅದರ ದೂರ ಮನೆಗೊಂದು ಬಗೆ.

ಮೊದಲು ಪೂರ್ವಪಕ್ಷ. ವಿಮಾನ ಕಂಪನಿಗಳ ಪ್ರಯಾಣಕಾಲ ಗಾಲಿ ಉರುಳಿದಾಗ ಶುರುವಾಗಿ ಗಾಲಿ ನಿಂತಾಗ ಮುಗಿಯುತ್ತದೆ. 2021ರ ಜನವರಿ 9, ಶನಿವಾರ ರಾತ್ರಿ, ಕ್ಯಾಪ್ಟನ್ ಜೋಯಾ ಅಗರವಾಲ್ ಮುಂದಾಳುತನದಲ್ಲಿ ಹೆಣ್ಣುಮಕ್ಕಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, ಸೋಮವಾರ ನಸುಕಿಗೆ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ್ದು ಹದಿನೇಳು ತಾಸಿನ ಆಸುಪಾಸು. ಗಡಿಯಾರಗಳ ಅಂತರ ಹದಿಮೂರೂವರೆ. ನಡುವಿನ ರವಿವಾರ ಎಲ್ಲಿ ಹೋಯಿತೆಂದರೆ ಗೋಲಗಣಿತದವರು ಉತ್ತರ ಕೊಡುತ್ತಾರೆ. ಮನೆಯ ಅಜ್ಜಿಗೆ ಅದು ಸಾಲದು: "ರವಿವಾರ ಮ್ಯಾಲ ಮುಗಿಲಾಗ ಮುಗದ್ರ, ಎಣ್ಣಿ ಹಚ್ಚಿ ಜಳಕಾ ಮಾಡೂದು ಯಾವಾಗೋ ತಮ್ಮಾ?"

ಈಗ ಉತ್ತರಪಕ್ಷ. ಬೈಲಹೊಂಗಲದಲ್ಲಿ ಪ್ರಯಾಣದ ಆರಂಭ ಗಾಲಿಯಿಂದಲ್ಲ, ಪ್ರಸ್ಥಾನದಿಂದ. ಮನೆ ಬಿಡುವ ಹೊತ್ತು ರಾಹುಕಾಲಕ್ಕೆ ಸಿಕ್ಕಿತೋ, ಅದಕ್ಕೂ ಮೊದಲೇ ಒಂದು ಚೀಲವನ್ನು ಬಾಜೂ ಮನೆಗೆ ಒಯ್ದಿಡುತ್ತಾರೆ. ಶಾಸ್ತ್ರದ ಪ್ರಕಾರ ಅಲ್ಲಿಗೆ ಆಸಾಮಿ ಹೊರಟಾಯಿತು, ಅವನಿನ್ನೂ ಅಡುಗೆಮನೆಯಲ್ಲಿ ಕೂತು ಎರಡನೇ ಸಲ ಅವಲಕ್ಕಿ ಹಾಕಿಸಿಕೊಳ್ಳುತ್ತಿದ್ದರೂ. ಇನ್ನು ಭಾರದ ವಿಚಾರ. ಟಿಕೆಟ್ಟಿನಲ್ಲಿ ಒಂದು ಚೀಲಕ್ಕೆ 23 ಕೆ.ಜಿ. ಎಂದಿದ್ದರೆ ಅಡತಿ ಅಂಗಡಿಯ ಕಾಟಾದ ಮೇಲೆ ಅದು 27. ಕಟಕ ರೊಟ್ಟಿ ತೆಗೆಯೋಣವೆಂದರೆ ಅವ್ವ ಒಪ್ಪುವುದಿಲ್ಲ. ಗುರೆಳ್ಳು ಚಟ್ನಿಗೆ ಕೈ ಹಾಕಿದರೆ ಅತ್ತೆಯ ಮುಖ ಸಣ್ಣದಾಗುತ್ತದೆ. ಕೊನೆಗೆ ಹೊರಬೀಳುವುದು ಆಫೀಸಿನ ಬೂಟು. ಈ ಹಾಕುವುದು-ತೆಗೆಯುವುದಕ್ಕೆ ಹಿಡಿಯುವ ತಾಸುಗಳು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತಾರೆಂದರೆ ಕಳಿಸಲು ಬಂದ ಮಂದಿ ನಂಬುವುದೂ ಇಲ್ಲ. ಕೈ ಅಡ್ಡ ಹಿಡಿದರೆ ವಿಮಾನವೂ ಬಸ್ಸಿನ ಹಾಗೆ ನಿಂತೀತೆಂಬ ಭರವಸೆ ಅವರದು.

ಕಿತ್ತೂರಿನವರು ಹೆದ್ದಾರಿಯ ಮೇಲೇ ಇರುವುದರಿಂದ ಮೀಮಾಂಸೆಗೆ ಅಲ್ಲಿ ಕೆಲಸ ಕಡಿಮೆ. ರಾಮದುರ್ಗದವರು ಸವದತ್ತಿ ಮೇಲೆ ಹುಬ್ಬಳ್ಳಿಗೆ ಹೋಗಿ ವಿಮಾನ ಹಿಡಿಯುವುದಾದರೆ ಟಿಕೆಟ್ಟಿನ ಜೊತೆ ಪಂಚಾಂಗವನ್ನೂ ನೋಡತಕ್ಕದ್ದು: ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ದಾರಿಯೆಲ್ಲ ಚಕ್ಕಡಿಗಳದೇ.

ಉಳಿದದ್ದು ಒಂದು ತೊಡಕಿನ ಪ್ರಶ್ನೆ. ಪ್ರಸ್ಥಾನದ ಚೀಲ ಇಟ್ಟುಕೊಂಡ ಬಾಜೂ ಮನೆಯವರು ಕೀಲಿ ಜಡಿದು ಅದೇ ಹುಣ್ಣಿಮೆಗೆ ಗುಡ್ಡಕ್ಕೆ ನಡೆದರೆ? ಪಾಸ್‌ಪೋರ್ಟೂ ಅದೇ ಚೀಲದಲ್ಲಿದ್ದರೆ? ನಿರ್ಣಯ ಸ್ಪಷ್ಟ: ಪ್ರಯಾಣ ಒಳ್ಳೆಯ ಹೊತ್ತಿನಲ್ಲೇ ಶುರುವಾಗಿದೆ, ದೋಷವಿಲ್ಲ. ಹೊರಟವನನ್ನು ಬಿಟ್ಟು ಹಾರಿದ್ದು ವಿಮಾನದ ತಪ್ಪು. ಟಿಕೆಟ್ಟಿನ ಹಣ ವಾಪಸು ಕೊಡಬೇಕಾದವರು ಮಾತ್ರ ಇನ್ನೂ ಪೂರ್ವಪಕ್ಷದಲ್ಲೇ ಇದ್ದಾರೆ.